ಮೂಳೆ ಮುರಿದು ಬಂದವರ ಮಾತ್ರೆ ಚೀಟಿಯನ್ನೂ ಓದಿ

ಮಾನ್ಯ ಸಂಪಾದಕರೇ,

ಡಿಪ್ರೆಶನ್ ಮಾತ್ರೆ ತಿಂದರೆ ಮೂಳೆ ಕರಗುತ್ತದೆ ಎಂಬ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಪಾರ್ಕಿನ ಬೆಂಚುಗಳಲ್ಲಿ ಆಗಾಗ ಹರಿದಾಡುತ್ತದೆ. ಕೇಳಿ ಹೆದರಿದವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇನ್ನೊಂದು ಕಡೆ, ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ ಹಿರಿಯರಿಗೆ ಶಸ್ತ್ರಚಿಕಿತ್ಸೆಯಾಗಿ, ಕ್ಯಾಲ್ಸಿಯಂ ಬರೆದುಕೊಟ್ಟು ಮನೆಗೆ ಕಳಿಸುವವರೆಗೂ ಅವರು ದಿನಾ ನುಂಗುವ ಮನಸ್ಸಿನ ಮಾತ್ರೆಯ ಬಗ್ಗೆ ಒಬ್ಬರೂ ಕೇಳದಿರುವುದುಂಟು. ಈ ಎರಡೂ ತಪ್ಪುಗಳಿಂದ ಜನ ನರಳುತ್ತಿದ್ದಾರೆ. ಖಿನ್ನತೆಯ ಮಾತ್ರೆಗೂ ಮೂಳೆ ಮುರಿತಕ್ಕೂ ನಂಟಿರುವುದು ನಿಜ. ಆದರೆ ಮುರಿತವನ್ನು ತಪ್ಪಿಸುವ ದಾರಿ ಮಾತ್ರೆ ಬಿಸಾಡುವುದರಲ್ಲಿಲ್ಲ, ಬೀಳದಂತೆ ನೋಡಿಕೊಳ್ಳುವುದರಲ್ಲಿದೆ. ಅದರ ವಿವರಗಳನ್ನು ಓದುಗರ ಮುಂದಿಡುವುದಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಅವಕಾಶ ಕೊಡಿ.

ಮೊದಲು, ಯಾವ ಮಾತ್ರೆಗಳ ಮಾತು ಇದು? ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಎಸ್‌ಆರ್‌ಐ ಗುಂಪು: ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್. ಇವುಗಳ ಜೊತೆಗೆ ವೆನ್ಲಾಫಾಕ್ಸಿನ್, ಡ್ಯುಲಾಕ್ಸೆಟಿನ್. ಹಳೆಯ ಕಾಲದ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್. ನಿದ್ದೆಗೂ ಹಸಿವಿಗೂ ಸಹಾಯವಾಗಲೆಂದು ಕೊಡುವ ಮಿರ್ಟಾಜಪಿನ್. ಇವನ್ನು ತೆಗೆದುಕೊಳ್ಳುವ ಎಷ್ಟೋ ಜನರಿಗೆ ತಾವು ಖಿನ್ನತೆಯ ಮಾತ್ರೆ ನುಂಗುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಶುಗರ್‌ನಿಂದ ಪಾದ ಉರಿಯುತ್ತಿದ್ದರೆ ಪ್ರಿಗಾಬಾಲಿನ್ ಜೊತೆ ನಾರ್ಟ್ರಿಪ್ಟಿಲಿನ್ ಸೇರಿಸಿದ ಒಂದೇ ಮಾತ್ರೆ ಸಿಗುತ್ತದೆ. ಮನೆಯಲ್ಲಿ ಅದರ ಹೆಸರು ‘ನರದ ಮಾತ್ರೆ’. ತಲೆನೋವಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್, ಹಳೆಯ ಬೆನ್ನುನೋವಿಗೆ, ಮಂಡಿನೋವಿಗೆ ಡ್ಯುಲಾಕ್ಸೆಟಿನ್. ಎಸ್ಸಿಟಾಲೋಪ್ರಾಮ್ ಜೊತೆ ಆತಂಕ ತಗ್ಗಿಸಿ ನಿದ್ದೆ ತರಿಸುವ ಕ್ಲೋನಾಜೆಪಾಮ್ ಬೆರೆಸಿದ ಜೋಡಿ ಮಾತ್ರೆ ‘ಟೆನ್ಷನ್ ಮಾತ್ರೆ’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಹಳೆಯ ಚೀಟಿಯ ಮೇಲೆಯೇ ಮನೆಗೆ ಬರುತ್ತಿರುತ್ತದೆ. ಹಾಗಾಗಿ ಇಂದು ಸಂಜೆ ಮಾಡಬಹುದಾದ ಒಂದು ಕೆಲಸವಿದೆ. ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಪ್ರತಿ ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನು ಓದಿ ಒಂದು ಹಾಳೆಯಲ್ಲಿ ಬರೆಯಿರಿ. ಕಂಪನಿಯ ಹೆಸರು ಸಾಲದು.

ಈಗ ಪುರಾವೆಯ ವಿಷಯ. ಕೆನಡಾದಲ್ಲಿ 50 ದಾಟಿದ ಸುಮಾರು 5,000 ಜನರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ದಿನಾ ಎಸ್‌ಎಸ್‌ಆರ್‌ಐ ತೆಗೆದುಕೊಳ್ಳುತ್ತಿದ್ದವರಲ್ಲಿ, ಸಣ್ಣ ಪೆಟ್ಟಿಗೇ ಮೂಳೆ ಮುರಿಯುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಅದು ಹೇಳಿತು. ಅದರಲ್ಲಿ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು 137 ಮಂದಿ ಮಾತ್ರ ಎಂಬುದನ್ನೂ ಗಮನದಲ್ಲಿಡಬೇಕು. ಆಮೇಲೆ ಬಂದ ಹಲವು ದೇಶಗಳ ಅಧ್ಯಯನಗಳೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿವೆ. ಆದರೆ 2019ರಲ್ಲಿ ಸ್ವೀಡನ್‌ನಿಂದ ಬಂದ ಅಧ್ಯಯನವನ್ನು ಓದದೆ ಈ ವಿಷಯ ಮಾತಾಡುವುದು ಸರಿಯಲ್ಲ. 65 ದಾಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಸೊಂಟದ ಮುರಿತ ಹೆಚ್ಚಿತ್ತು ನಿಜ. ಅದು ಅತಿ ಹೆಚ್ಚಾಗಿ ಕಂಡದ್ದು ಮಾತ್ರೆ ಶುರುವಾಗುವ ಮುಂಚಿನ ವಾರಗಳಲ್ಲಿ! ಅಂದರೆ ಸೊಂಟ ಮುರಿದು ಹಾಸಿಗೆ ಹಿಡಿದವರು ಕುಗ್ಗಿಹೋಗಿ, ಆಮೇಲೆ ಅವರಿಗೆ ಮಾತ್ರೆ ಬಂದಿರಬಹುದು. ಅಥವಾ ಊಟ ಬಿಟ್ಟು, ನಡೆಯುವುದು ಬಿಟ್ಟು ಬಡವಾದ ದೇಹವೇ ಬಿದ್ದಿರಬಹುದು. ಎಲ್ಲ ಮುರಿತವನ್ನೂ ಮಾತ್ರೆಯ ತಲೆಗೆ ಕಟ್ಟಲಾಗದು. ಹಾಗೆಂದು ಮಾತ್ರೆಗೆ ಪಾಲೇ ಇಲ್ಲ ಎನ್ನುವಂತೆಯೂ ಇಲ್ಲ.

‘ಎರಡು ಪಟ್ಟು’ ಎಂಬ ಮಾತು ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಯಾವುದರ ಎರಡು ಪಟ್ಟು ಎಂದು ಕೇಳಬೇಕು. 40ರ ಗಟ್ಟಿಮುಟ್ಟಾದ ಹೆಂಗಸಿಗೆ ಮುಂದಿನ ಹತ್ತು ವರ್ಷದಲ್ಲಿ ಸೊಂಟ ಮುರಿಯುವ ಸಂಭವ ಸಾವಿರಕ್ಕೆ ಒಂದು ಎಂದು ಲೆಕ್ಕಕ್ಕೆ ಹಿಡಿದರೆ, ಅದು ಎರಡಾದರೂ ಸಣ್ಣದೇ. ಅದೇ 78ರ, ಒಮ್ಮೆ ಮಣಿಕಟ್ಟು ಮುರಿದುಕೊಂಡ, ತೂಕ 42 ಕೆ.ಜಿ. ಇರುವ ಅಜ್ಜಿಗೆ ಸಂಭವ ಮೊದಲೇ ನೂರಕ್ಕೆ ಹತ್ತಿದ್ದರೆ, ಅದು ಇಪ್ಪತ್ತಾಗುವುದು ದೊಡ್ಡ ಮಾತು. ಈ ಪತ್ರ ಮುಖ್ಯವಾಗಿ ಆ ಅಜ್ಜಿಗಾಗಿ. 60 ದಾಟಿದವರು, ಮುಟ್ಟು ಬೇಗ ನಿಂತವರು, ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು, ಫಿಟ್ಸ್ ಮಾತ್ರೆಯಲ್ಲಿರುವವರು, ಹಿಂದೊಮ್ಮೆ ನಿಂತ ನಿಲುವಿನಲ್ಲಿ ಬಿದ್ದು ಮೂಳೆ ಮುರಿದುಕೊಂಡವರು ಮುಂದಿನ ಸಾಲುಗಳನ್ನು ಗಮನವಿಟ್ಟು ಓದಲಿ.

ಮಾತ್ರೆ ಎರಡು ದಾರಿಯಲ್ಲಿ ತೊಂದರೆ ಮಾಡಬಹುದು. ಒಂದು ಮೂಳೆಯೊಳಗಿನದು, ನಿಧಾನದ್ದು. ಮೂಳೆ ಹಳೆಯ ಮನೆಯ ಹಾಗೆ ಸದಾ ರಿಪೇರಿಯಲ್ಲಿರುತ್ತದೆ. ಒಂದು ಬಗೆಯ ಜೀವಕೋಶ ಹಳೆಯ ಗಾರೆ ಕೆರೆಯುತ್ತದೆ, ಇನ್ನೊಂದು ಹೊಸದನ್ನು ಮೆತ್ತುತ್ತದೆ. ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಳಗೆ ಎಳೆದುಕೊಳ್ಳುವ, ಎಸ್‌ಎಸ್‌ಆರ್‌ಐ ಮಾತ್ರೆಗಳು ತಡೆಯುವ ಆ ಬಾಗಿಲು ಮಿದುಳಿನಲ್ಲಷ್ಟೇ ಅಲ್ಲ, ಮೂಳೆಯ ಈ ಜೀವಕೋಶಗಳಲ್ಲೂ ಇದೆ. ಅದರಿಂದ ಮೂಳೆಯ ಸಾಂದ್ರತೆ ವರ್ಷಕ್ಕಿಷ್ಟೆಂದು ಸ್ವಲ್ಪ ಹೆಚ್ಚು ಇಳಿಯಬಹುದು ಎಂದು ಕೆಲವು ಅಧ್ಯಯನಗಳು ತೋರಿಸಿವೆ, ಕೆಲವು ತೋರಿಸಿಲ್ಲ. ಖಿನ್ನತೆಯೇ ದೇಹದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಏರಿಸಿ ಮೂಳೆ ತೆಳುವಾಗಿಸುವುದರಿಂದ ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಇನ್ನೊಂದು ದಾರಿ ಬೀಳುವುದು. ಇದು ವೇಗದ್ದು, ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಮೊದಲ ವಾರಗಳಲ್ಲೇ ಎದುರಾಗುವಂಥದ್ದು. ಮನೆಯವರು ಏನಾದರೂ ಮಾಡಬಹುದಾದದ್ದು ಇಲ್ಲೇ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು.

ಎದ್ದು ನಿಂತಾಗ ಬಿಪಿ ಕುಸಿಯುವುದು ಮೊದಲ ಕಾರಣ. ಅಮಿಟ್ರಿಪ್ಟಿಲಿನ್ ಗುಂಪಿನಲ್ಲಿ ಇದು ಹೆಚ್ಚು, ಉಳಿದವುಗಳಲ್ಲೂ ಇಲ್ಲದಿಲ್ಲ. ಜೊತೆಗೆ ಎರಡು ಬಗೆಯ ಬಿಪಿ ಮಾತ್ರೆ, ಪ್ರಾಸ್ಟೇಟ್‌ಗೆಂದು ಟಾಮ್ಸುಲೋಸಿನ್ ಇದ್ದರೆ ಕುಸಿತ ಇನ್ನೂ ಜೋರು. ಕ್ಲಿನಿಕ್‌ನಲ್ಲಿ ಕುರ್ಚಿಯಲ್ಲಿ ಕೂರಿಸಿ ನೋಡಿದ ಬಿಪಿಯಲ್ಲಿ ಇದು ಕಾಣುವುದೇ ಇಲ್ಲ. ಮನೆಯಲ್ಲಿ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವಿದ್ದರೆ ಹೀಗೆ ಮಾಡಿ: ಬೆಳಿಗ್ಗೆ, ಮಾತ್ರೆ ತೆಗೆದುಕೊಂಡು ಒಂದೆರಡು ಗಂಟೆಯ ಮೇಲೆ, ಐದು ನಿಮಿಷ ಅಂಗಾತ ಮಲಗಿಸಿ ಬಿಪಿ ನೋಡಿ. ಪಟ್ಟಿ ಬಿಚ್ಚದೆ ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷಕ್ಕೊಮ್ಮೆ, ಮೂರನೇ ನಿಮಿಷಕ್ಕೊಮ್ಮೆ ನೋಡಿ. ಅಳೆಯುವಾಗ ತೋಳು ಎದೆಯ ಮಟ್ಟಕ್ಕಿರಲಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಸಿದ್ಧರಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ತಲೆಸುತ್ತು ಬರಲಿ ಬಿಡಲಿ, ಮಾತ್ರೆ ಬರೆದ ವೈದ್ಯರಿಗೆ ಆ ಮೂರು ಅಂಕಿಗಳನ್ನು ಬರೆದು ತೋರಿಸಬೇಕು. ಕೆಲವು ಸಲ ಬದಲಾಗಬೇಕಾದದ್ದು ಮನಸ್ಸಿನ ಮಾತ್ರೆಯಲ್ಲ, ಬಿಪಿಯ ಮಾತ್ರೆ.

ಎರಡನೆಯದು ಸೋಡಿಯಂ. ಇದು ಅತಿ ಹೆಚ್ಚು ಕಡೆಗಣನೆಗೆ ಸಿಕ್ಕ ವಿಷಯ ಎಂದು ನಮಗೆ ಅನ್ನಿಸುತ್ತದೆ. ಎಸ್‌ಎಸ್‌ಆರ್‌ಐ ಶುರುವಾದ ಮೊದಲ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವು ಹಿರಿಯರ ದೇಹ ನೀರನ್ನು ಹಿಡಿದಿಟ್ಟುಕೊಂಡು ರಕ್ತದ ಸೋಡಿಯಂ ತೆಳುವಾಗುತ್ತದೆ. ಇರಬೇಕಾದದ್ದು 135ರಿಂದ 145. ಅದು 130ರ ಆಸುಪಾಸಿಗೆ ಇಳಿದರೂ ನಡಿಗೆ ತೊಡರುತ್ತದೆ, ಗಮನ ಚದುರುತ್ತದೆ. ಇನ್ನೂ ಇಳಿದರೆ ವಾಂತಿ, ಗೊಂದಲ, ಮಂಪರು, ಫಿಟ್ಸ್ ಕೂಡ. ಮನೆಯವರು ಇದನ್ನು ‘ವಯಸ್ಸಾಯಿತು’ ಎಂದೋ, ‘ಖಿನ್ನತೆ ಜಾಸ್ತಿಯಾಯಿತು’ ಎಂದೋ ತಿಳಿದರೆ ಡೋಸ್ ಇನ್ನೂ ಏರುವ ಅಪಾಯವಿದೆ. ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿರುವ, ತೆಳ್ಳಗಿರುವ, 65 ದಾಟಿದ ಹೆಂಗಸರಲ್ಲಿ ಇದು ಎಲ್ಲರಿಗಿಂತ ಹೆಚ್ಚು. ಬಿಪಿಯ ಜೋಡಿ ಮಾತ್ರೆಗಳ ಹೆಸರಿನ ಕೊನೆಯಲ್ಲಿ ‘ಎಚ್’ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಮೂತ್ರ ಹೋಗಿಸುವ ಔಷಧ ಬೆರೆತಿರುತ್ತದೆ. ಪರೀಕ್ಷೆ ಸುಲಭ: ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಎರಡರಿಂದ ನಾಲ್ಕು ವಾರದಲ್ಲಿ ಇನ್ನೊಮ್ಮೆ, ಡೋಸ್ ಏರಿಸಿದ ಮೇಲೆ ಮತ್ತೊಮ್ಮೆ ರಕ್ತದ ಸೋಡಿಯಂ ನೋಡುವುದು. ಬಡಾವಣೆಯ ಯಾವ ಲ್ಯಾಬಿನಲ್ಲೂ ಆಗುತ್ತದೆ, ‘ಎಲೆಕ್ಟ್ರೋಲೈಟ್ಸ್’ ಎಂದು ಕೇಳಿದರೆ ಸಾಕು. ಸೋಡಿಯಂ ಕಡಿಮೆ ಬಂತೆಂದು ಮನೆಯಲ್ಲೇ ಉಪ್ಪು ಕಲಕಿ ಕುಡಿಸಬೇಡಿ. ಕಾರಣ ಉಪ್ಪಿನ ಕೊರತೆಯಲ್ಲ, ನೀರು ಹೆಚ್ಚಾದದ್ದು. ವೈದ್ಯರು ಬಹುಶಃ ನೀರು ಕಡಿಮೆ ಮಾಡಿಸಿ, ಮಾತ್ರೆ ಬದಲಿಸುತ್ತಾರೆ.

ಮೂರನೆಯದು ಮಂಪರು. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ತಾವಾಗಿಯೇ ನಿದ್ದೆ ತರಿಸುತ್ತವೆ. ಇವುಗಳ ಮೇಲೆ ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್, ಜೋಲ್ಪಿಡೆಮ್, ಪ್ರಿಗಾಬಾಲಿನ್ ಯಾವುದು ಸೇರಿದರೂ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದ ಕಾಲು ತನ್ನ ಹಿಡಿತದಲ್ಲಿರುವುದಿಲ್ಲ. ಮೊದಲ ಕೆಲವು ವಾರ ಆತಂಕ ತಡೆಯಲೆಂದು ಬರೆದ ಕ್ಲೋನಾಜೆಪಾಮ್ ಜೋಡಿ ಮಾತ್ರೆ ಮೂರು ವರ್ಷ ಮುಂದುವರಿದದ್ದನ್ನು ಚೀಟಿಗಳಲ್ಲಿ ನೋಡಿದರೆ ಸಂಕಟವಾಗುತ್ತದೆ. ಜೋಡಿ ಮಾತ್ರೆಯ ಕಷ್ಟವೇ ಅದು, ಒಂದನ್ನು ಇಳಿಸಬೇಕೆಂದರೆ ಇನ್ನೊಂದೂ ಇಳಿಯುತ್ತದೆ. ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಂಡು, ನಿದ್ದೆಯದನ್ನು ಮಾತ್ರ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿದರೆ ಬೀಳುವ ಅಪಾಯ ಬಹಳ ತಗ್ಗುತ್ತದೆ. ಬೀಳುವುದಕ್ಕೆ ಕಾರಣವಾಗುವ ಮಾತ್ರೆಗಳನ್ನು ಒಂದೊಂದಾಗಿ ನೋಡಬಾರದು, ಒಟ್ಟಿಗೆ ಎಣಿಸಬೇಕು. ಮಿದುಳಿನ ಮೇಲೆ ಕೆಲಸ ಮಾಡುವ ಮಾತ್ರೆ ಮೂರಾಯಿತೆಂದರೆ ಚೀಟಿಯನ್ನು ಮತ್ತೆ ಪರಿಶೀಲಿಸಲೇಬೇಕು.

ಹಾಗಾದರೆ ಮಾತ್ರೆ ನಿಲ್ಲಿಸಿಬಿಟ್ಟರೆ? ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾರಾಕ್ಸೆಟಿನ್, ವೆನ್ಲಾಫಾಕ್ಸಿನ್‌ನಂಥವನ್ನು ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳಲ್ಲೇ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ನಿದ್ದೆಗೇಡು ಶುರುವಾಗುತ್ತವೆ. ಬೀಳಬಾರದೆಂದು ಬಿಟ್ಟವರು ಆ ತಲೆಸುತ್ತಿನಿಂದಲೇ ಬೀಳಬಹುದು. ಫ್ಲೂಆಕ್ಸೆಟಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಅದನ್ನು ಬಿಟ್ಟಾಗ ಈ ಕಾಟ ಕಡಿಮೆ. ಹಲವು ತಿಂಗಳು ತೆಗೆದುಕೊಂಡ ಮಾತ್ರೆಯನ್ನು ಇಳಿಸುವುದಾದರೆ ವಾರಗಳಿಂದ ತಿಂಗಳುಗಳವರೆಗೆ, ಹಂತ ಹಂತವಾಗಿ, ಕೊನೆಯ ಹಂತಗಳಲ್ಲಿ ಇನ್ನೂ ಸಣ್ಣ ತುಣುಕುಗಳಲ್ಲಿ ಇಳಿಸಬೇಕು. ದಿನ ಬಿಟ್ಟು ದಿನ ತೆಗೆದುಕೊಳ್ಳುವುದು ಇಳಿಸುವ ಕ್ರಮವಲ್ಲ. ರಕ್ತದಲ್ಲಿ ಔಷಧ ಏರಿಳಿದು ಒದ್ದಾಟವೇ ಹೆಚ್ಚಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಗಳನ್ನು ಮುರಿಯಬಾರದು, ಪುಡಿ ಮಾಡಬಾರದು.

ಅದಕ್ಕಿಂತ ದೊಡ್ಡ ಅಪಾಯ ಖಿನ್ನತೆ ಮರಳುವುದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆ ಅನುಭವಿಸುತ್ತಾರೆ, ಖಿನ್ನತೆ ಇರುವವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆಯಲ್ಲಿ ಹಿರಿಯರು ಊಟ ಬಿಡುತ್ತಾರೆ, ಬಿಸಿಲಿಗೆ ಬರುವುದಿಲ್ಲ, ಹಾಸಿಗೆ ಬಿಡುವುದಿಲ್ಲ; ತೊಡೆಯ ಮಾಂಸಖಂಡ ಕರಗಿ ಕಾಲು ಸೋಲುತ್ತದೆ. ಮೂಳೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಜೀವವನ್ನೇ ಬೇಡವೆನ್ನಿಸುವ ರೋಗವಿದು ಎಂಬುದನ್ನು ಮರೆಯಬಾರದು. ಅಂಥ ಮಾತು ಮನೆಯಲ್ಲಿ ಕೇಳಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆ ಸೌಮ್ಯವಾಗಿದ್ದರೆ ಮಾತ್ರೆಗಿಂತ ಮೊದಲು ಆಪ್ತಸಮಾಲೋಚನೆ, ದಿನಚರಿಯನ್ನು ಮತ್ತೆ ಕಟ್ಟುವ ಚಿಕಿತ್ಸೆ ಪ್ರಯತ್ನಿಸಬಹುದು, ಹಿರಿಯರಿಗೂ ಅದು ಫಲ ಕೊಡುತ್ತದೆ. ತೀವ್ರವಾಗಿದ್ದರೆ ಮಾತ್ರೆ ಬೇಕು. ಆಗ ವಯಸ್ಸಾದವರಿಗೆ ಅರ್ಧ ಡೋಸಿನಿಂದ ಶುರು ಮಾಡುವುದು ರೂಢಿ. ಎಸ್ಸಿಟಾಲೋಪ್ರಾಮ್ ಆದರೆ 5 ಮಿಲಿಗ್ರಾಂ, ಸಾಮಾನ್ಯವಾಗಿ 10ರ ಮೇಲೆ ಹೋಗುವುದಿಲ್ಲ. ಬೀಳಿಸದ ಮಾತ್ರೆ ಯಾವುದು ಎಂದು ಜನ ಕೇಳುತ್ತಾರೆ. ಹಾಗೆ ಬೆರಳು ತೋರಿಸಿ ಹೇಳಬಹುದಾದ ಒಂದು ಮಾತ್ರೆ ಇಲ್ಲ.

ಬಿದ್ದು ಮೂಳೆ ಮುರಿದ ಮೇಲೂ ಮನಸ್ಸಿನ ಮಾತ್ರೆಯ ವಿಷಯ ಮುಚ್ಚಿಡಬಾರದು. ನಾಚಿಕೆಯಿಂದ ಹೇಳದವರೇ ಹೆಚ್ಚು. ಮಗಳಿಗೆ ಗೊತ್ತಿದ್ದು ಸೊಸೆಗೆ ಗೊತ್ತಿಲ್ಲದಿರುವುದೂ ಉಂಟು. ಹೇಳದಿದ್ದರೆ ಏನಾಗುತ್ತದೆ? ನೋವಿಗೆ ಟ್ರಮಡಾಲ್ ಕೊಟ್ಟರೆ, ಅದೂ ಎಸ್‌ಎಸ್‌ಆರ್‌ಐಯೂ ಸೇರಿ ನಡುಕ, ಬೆವರು, ಗಾಬರಿ, ಕೆಲವೊಮ್ಮೆ ಫಿಟ್ಸ್ ತರಬಹುದು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಜೊತೆಯಾದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ. ಆಗ ಹೊಟ್ಟೆಯ ರಕ್ಷಣೆಗೆ ಮಾತ್ರೆ ಬೇಕು. ವಾರ್ಡಿನ ಚಾರ್ಟಿನಲ್ಲಿ ಬರೆಯದೆ ಬಿಟ್ಟುಹೋದ ಮಾತ್ರೆ ಥಟ್ಟನೆ ನಿಂತು, ಶಸ್ತ್ರಚಿಕಿತ್ಸೆಯ ಮೂರನೆಯ ದಿನ ಹಿರಿಯರು ಗಾಬರಿಗೊಂಡು ಬಡಬಡಿಸತೊಡಗಿದರೆ ಕಾರಣ ಹುಡುಕುವುದೇ ಕಷ್ಟವಾಗುತ್ತದೆ. ಮೇಲೆ ಹೇಳಿದ ಆ ಹಾಳೆಯನ್ನು ಆಸ್ಪತ್ರೆಗೆ ಒಯ್ಯಿರಿ, ಅರಿವಳಿಕೆ ವೈದ್ಯರ ಕೈಗೂ ಕೊಡಿ.

50 ದಾಟಿದವರು ನಿಂತ ಎತ್ತರದಿಂದ ಬಿದ್ದು ಸೊಂಟ ಅಥವಾ ಬೆನ್ನುಮೂಳೆ ಮುರಿದುಕೊಂಡರೆ ಸ್ಕ್ಯಾನ್ ಏನೇ ಹೇಳಲಿ, ಅದು ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ರೋಗ) ಎಂದೇ ತಿಳಿದು ಚಿಕಿತ್ಸೆ ಶುರುವಾಗಬೇಕು. ಪ್ಲೇಟು, ರಾಡು ಹಾಕಿದ್ದು ಮುರಿದ ಮೂಳೆಗೆ ಮಾತ್ರ. ಇನ್ನೊಂದು ಬದಿಯ ಸೊಂಟ ಹಾಗೇ ಉಳಿದಿರುತ್ತದೆ. ಮುರಿಯದೆ ಇರುವವರಲ್ಲಿ 65 ದಾಟಿದ ಹೆಂಗಸರು, 70 ದಾಟಿದ ಗಂಡಸರು, ಅದಕ್ಕಿಂತ ಚಿಕ್ಕವರಾದರೂ ವರ್ಷಗಳಿಂದ ಖಿನ್ನತೆಯ ಮಾತ್ರೆಯ ಜೊತೆ ಬೇರೆ ಅಪಾಯಗಳೂ ಇರುವವರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ವಯಸ್ಸಾದವರ ಬೆನ್ನುಮೂಳೆ ಸವೆದು ಅಂಚಿನಲ್ಲಿ ಮುಳ್ಳು ಬೆಳೆದಿದ್ದರೆ ಬೆನ್ನಿನ ಅಂಕಿ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ; ಸೊಂಟದ ಅಂಕಿಯನ್ನೂ ಓದಿಸಿ. ಮಾಲ್‌ಗಳಲ್ಲಿ, ಅಪಾರ್ಟ್‌ಮೆಂಟ್ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ಉಚಿತವಾಗಿ ಮಾಡುವ ಪರೀಕ್ಷೆಯಿಂದ ರೋಗ ನಿರ್ಣಯ ಆಗುವುದಿಲ್ಲ, ಚಿಕಿತ್ಸೆ ಶುರು ಮಾಡಲೂ ಅದು ಸಾಲದು. ವೈದ್ಯರು ಮುರಿತದ ಸಂಭವ ಲೆಕ್ಕ ಹಾಕಲು ಬಳಸುವ ಫ್ರಾಕ್ಸ್‌ನ ಮೂಲ ಪ್ರಶ್ನಾವಳಿಯಲ್ಲಿ ಸ್ಟಿರಾಯ್ಡ್ ಕೇಳುತ್ತಾರೆ, ಖಿನ್ನತೆಯ ಮಾತ್ರೆಯನ್ನು ಕೇಳುವುದಿಲ್ಲ. ಅಂಥದ್ದೇ ಲೆಕ್ಕ ಹಾಕುವ ಬ್ರಿಟನ್ನಿನ ಕ್ಯೂಫ್ರಾಕ್ಚರ್ ಕೇಳುತ್ತದೆ. ಹಾಗಾಗಿ ಫ್ರಾಕ್ಸ್ ಕೊಟ್ಟ ಅಂಕಿ ಗಡಿಯಲ್ಲಿದ್ದರೆ, ಮಾತ್ರೆಯ ವಿಷಯವನ್ನು ನಾವೇ ವೈದ್ಯರ ಗಮನಕ್ಕೆ ತರಬೇಕು.

ಆಹಾರದಲ್ಲಿ ಕರ್ನಾಟಕದವರಿಗೆ ರಾಗಿ ಇದೆ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರು 240ರ ಆಸುಪಾಸು ಕೊಡುತ್ತದೆ. ದಂಟಿನ ಸೊಪ್ಪು, ನುಗ್ಗೆಸೊಪ್ಪು, ಎಳ್ಳು ಸೇರಿದರೆ ದಿನದ 1,000 ಮಿಲಿಗ್ರಾಂ ಹತ್ತಿರ ತಲುಪಬಹುದು. ಮುಟ್ಟು ನಿಂತವರಿಗೆ 1,200 ಬೇಕು. ಊಟದಲ್ಲಿ ಕೊರತೆಯಿದ್ದಷ್ಟಕ್ಕೆ ಮಾತ್ರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆಗೇ, ಒಂದು ಸಲಕ್ಕೆ 500ಕ್ಕಿಂತ ಹೆಚ್ಚಲ್ಲದಂತೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ವಿಟಮಿನ್ ಡಿ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿನಲ್ಲಿ ನಡೆದರೆ ಮನಸ್ಸಿಗೂ ಕಾಲಿಗೂ ಒಳ್ಳೆಯದು, ವಿಟಮಿನ್ ಡಿಗೆ ಅಷ್ಟಕ್ಕಷ್ಟೇ. ಅದಕ್ಕೆ ಬೇಕಾದ ಕಿರಣ ಹೆಚ್ಚು ಸಿಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ, ಗಾಜಿನ ಕಿಟಕಿಯ ಒಳಗಲ್ಲ, ಹೊರಗೆ. 60,000 ಯೂನಿಟ್ಟಿನ ಸ್ಯಾಷೆ ವಾರಕ್ಕೊಂದು. ದಿನಕ್ಕೊಂದು ನುಂಗಿ ರಕ್ತದ ಕ್ಯಾಲ್ಸಿಯಂ ಏರಿ, ವಾಂತಿಯಾಗಿ, ಕಿಡ್ನಿ ಕೆಡಿಸಿಕೊಳ್ಳುವವರಿದ್ದಾರೆ. ಮೂಳೆ ಸವೆಯುವುದನ್ನು ತಡೆಯಲು ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ ಬರೆದಿದ್ದರೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಕಾಫಿಯೂ ಬೇಡ, ಮಲಗುವುದೂ ಬೇಡ.

ಇನ್ನು ಮನೆ. ಬೆಂಗಳೂರಿನ ಬಾತ್‌ರೂಮುಗಳ ನುಣುಪು ಟೈಲ್ಸ್ ಮೇಲೆ ಸೋಪಿನ ನೀರು ನಿಂತರೆ ಯಾರಾದರೂ ಜಾರುತ್ತಾರೆ. ಎಣ್ಣೆ ಸ್ನಾನದ ದಿನ ಅಪಾಯ ಇಮ್ಮಡಿ. ಹಿಡಿಕೆಯನ್ನು ಗೋಡೆ ಕೊರೆದು ಆ್ಯಂಕರ್ ಬೋಲ್ಟ್ ಹಾಕಿ ಕೂರಿಸಬೇಕು. ಅಂಟಿಸುವ ಸಕ್ಷನ್ ಹಿಡಿಕೆ ಮೈಭಾರ ತಡೆಯುವುದಿಲ್ಲ. ಟವೆಲ್ ಹಾಕುವ ಕಂಬಿಯಂತೂ ಕೈಗೆ ಬರುತ್ತದೆ. ಒಂದು ಹಿಡಿಕೆ ಕಮೋಡಿನ ಪಕ್ಕ, ಒಂದು ಸ್ನಾನದ ಜಾಗದಲ್ಲಿ. ಪ್ಲಾಸ್ಟಿಕ್ ಸ್ಟೂಲಿನ ಕಾಲಿಗೆ ರಬ್ಬರ್ ಬುಷ್ ಇರಲಿ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ಸಣ್ಣ ರಾತ್ರಿ ದೀಪ, ಕರೆಂಟ್ ಹೋಗುವ ಬಡಾವಣೆಯಾದರೆ ತಾನೇ ಹೊತ್ತಿಕೊಳ್ಳುವ ಚಾರ್ಜಿನ ದೀಪ. ಬಾಗಿಲ ಬಳಿಯ ಸಡಿಲ ಕಾಲೊರೆಸು ತೆಗೆದುಬಿಡಿ. ಸವೆದ ಹವಾಯಿ ಚಪ್ಪಲಿ ಎಸೆದು, ಹಿಮ್ಮಡಿಗೆ ಪಟ್ಟಿಯಿರುವುದನ್ನು ಕೊಡಿಸಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಪಾಲಿಶ್ ಗ್ರಾನೈಟ್ ಮೆಟ್ಟಿಲಿಗೆ ಒರಟು ಪಟ್ಟಿ ಅಂಟಿಸಿ. ರಾತ್ರಿ ಎದ್ದಾಗ ಮೊದಲು ಹಾಸಿಗೆಯಂಚಿನಲ್ಲಿ ಕುಳಿತು, ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಒಂದು ನಿಮಿಷ ಕಳೆದು ನಿಲ್ಲುವುದನ್ನು ಅಭ್ಯಾಸ ಮಾಡಿಸಿ.

ಬೀಳುವುದನ್ನು ತಡೆಯುವುದರಲ್ಲಿ ವ್ಯಾಯಾಮಕ್ಕೆ ಸಮನಾದ ಮಾತ್ರೆ ಇಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದಿಟ್ಟು ಹತ್ತು ಸೆಕೆಂಡ್ ನಿಲ್ಲುವುದು. ವಾರಕ್ಕೆ ಮೂರು ದಿನವಾದರೂ, ತಿಂಗಳುಗಟ್ಟಲೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವ ಕಾಲ ಬಂದಿದೆ. ಯೋಗ ಮಾಡುವವರು ಒಂದು ಎಚ್ಚರ ವಹಿಸಬೇಕು: ಮೂಳೆ ತೆಳುವಾಗಿದ್ದರೆ ಪಶ್ಚಿಮೋತ್ತಾನಾಸನ, ಹಲಾಸನದಂತೆ ಬೆನ್ನು ಮುಂದಕ್ಕೆ ಬಾಗಿಸುವ ಆಸನ ಬೇಡ, ಬೆನ್ನುಮೂಳೆ ಕುಸಿಯಬಹುದು.

ಕೊನೆಗೆ ವ್ಯವಸ್ಥೆಯವರಲ್ಲಿ ಕೇಳಿಕೊಳ್ಳುವುದಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿಂದ ಸ್ವಲ್ಪ ದೂರದ ಬೈರಸಂದ್ರದಲ್ಲಿ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಮನಸ್ಸಿನ ವೈದ್ಯ, ಮೂಳೆ ವೈದ್ಯ ಇಬ್ಬರೂ ಒಂದೇ ಊರಿನಲ್ಲಿದ್ದೂ ಒಬ್ಬರ ಚೀಟಿ ಇನ್ನೊಬ್ಬರಿಗೆ ತಲುಪುವುದು ರೋಗಿಯ ಮನೆಯವರು ನೆನಪಿಟ್ಟುಕೊಂಡರೆ ಮಾತ್ರ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೂಳೆ ವಾರ್ಡಿನ ಡಿಸ್ಚಾರ್ಜ್ ಸಮರಿಯಲ್ಲಿ ‘ಬೀಳಲು ಕಾರಣವಾಗಬಹುದಾದ ಮಾತ್ರೆಗಳು’ ಎಂಬ ಒಂದು ಸಾಲು, ನಿಂತಾಗಿನ ಬಿಪಿ ಮತ್ತು ಸೋಡಿಯಂ ಎಂಬ ಎರಡು ಅಂಕಿ ಕಡ್ಡಾಯವಾಗಲಿ. ಮನೋವೈದ್ಯರ ಹೊರರೋಗಿ ಕಾರ್ಡಿನಲ್ಲಿ 60 ದಾಟಿದವರಿಗೆ ‘ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ?’ ಎಂಬ ಒಂದು ಪ್ರಶ್ನೆ ಇರಲಿ. ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ ಹೇಗಿದ್ದರೂ ನೋಡುತ್ತಾರೆ, ಮಲಗಿಸಿ ನಿಲ್ಲಿಸಿ ನೋಡಲು ಹೆಚ್ಚುವರಿ ಹತ್ತು ನಿಮಿಷ ಸಾಕು. ಔಷಧ ಅಂಗಡಿಯವರು ಆರು ತಿಂಗಳಿಗಿಂತ ಹಳೆಯ ಚೀಟಿಗೆ ಕ್ಲೋನಾಜೆಪಾಮ್ ಬೆರೆತ ಮಾತ್ರೆ ಕೊಡುವ ಮುಂಚೆ ಒಂದು ಸಲ ವೈದ್ಯರನ್ನು ಕಂಡು ಬನ್ನಿ ಎಂದು ಹೇಳಲಿ. ಚರಂಡಿಯ ಮೇಲೆ ಅಲುಗಾಡುವ ಫುಟ್‌ಪಾತ್ ಚಪ್ಪಡಿಗಳನ್ನು ನಗರಾಡಳಿತ ಸರಿಪಡಿಸುವವರೆಗೆ ಹಿರಿಯರಿಗೆ ‘ದಿನಾ ನಡೆಯಿರಿ’ ಎಂದು ಹೇಳುವುದು ನಮಗೂ ಕಷ್ಟವಾಗುತ್ತಿದೆ.

ಇತಿ,
ಒಬ್ಬ ಮನೋವೈದ್ಯೆ ಹಾಗೂ ಒಬ್ಬ ಮೂಳೆ ವೈದ್ಯ
ಬಸವನಗುಡಿ, ಬೆಂಗಳೂರು